ಜಮುನಾಪಾರಿ ಮೇಕೆ: ಹುಟ್ಟಿದ ನೆಲ, ಪಡೆದ ಗುಣ

(ಸಂಘದ ರಜತ ಮಹೋತ್ಸವದ ಅಂಗವಾಗಿ ನಡೆದ ರೈತರ ಗೋಷ್ಠಿಯಲ್ಲಿ ಪಶುಪಾಲನಾ ಉಪಸಮಿತಿಯ ಪರವಾಗಿ ಮಾಡಿದ ಭಾಷಣ)



ಸಂಘಕ್ಕೆ ಇಪ್ಪತ್ತೈದು ವರ್ಷ ತುಂಬಿದ ಈ ಶುಭ ಸಂದರ್ಭದಲ್ಲಿ ಮೇಕೆಯ ಬಗ್ಗೆ ನಾಲ್ಕು ಮಾತಾಡಿ ಎಂದು ಅಧ್ಯಕ್ಷರು ನಮ್ಮ ಉಪಸಮಿತಿಗೆ ಹೇಳಿದ್ದಾರೆ. ಬೆಳ್ಳಿಹಬ್ಬದ ವೇದಿಕೆಯಲ್ಲಿ ಮೇಕೆಯ ಮಾತೇ ಎಂದು ಕೆಲವರು ನಗಬಹುದು. ಆದರೆ ಸಂಘದ ಸಾಲದ ಪುಸ್ತಕವನ್ನು ಒಮ್ಮೆ ತಿರುವಿ ಹಾಕಿದರೆ ನಗು ನಿಲ್ಲುತ್ತದೆ. ಗುಂಟೆ ಜಮೀನೂ ಇಲ್ಲದ ಸದಸ್ಯರು, ಅದರಲ್ಲೂ ನಮ್ಮ ತಾಯಂದಿರು, ಗಡುವಿನೊಳಗೆ ಕಂತು ಕಟ್ಟಿದ್ದು ಎಷ್ಟೋ ಸಲ ಮೇಕೆಮರಿ ಮಾರಿದ ದುಡ್ಡಿನಿಂದ. ಮೇಕೆಯನ್ನು ಬಡವರ ಹಸು ಅಂತ ಹಿರಿಯರು ಕರೆದದ್ದು ಸುಮ್ಮನೆ ಅಲ್ಲ.

ಈಗ ಈ ಮಾತು ಎತ್ತಲು ಇನ್ನೊಂದು ಕಾರಣವೂ ಇದೆ. ಜಮುನಾಪಾರಿ ಮೇಕೆ ತರುತ್ತೇವೆ, ಸಾಲ ಕೊಡಿ ಎಂದು ಹಲವು ಸದಸ್ಯರು ಸಂಘವನ್ನು ಕೇಳುತ್ತಿದ್ದಾರೆ. ಮೊಬೈಲಿನಲ್ಲಿ ಚಿತ್ರ ನೋಡಿದ್ದಾರೆ. ಕರುವಿನಷ್ಟು ಎತ್ತರ, ಹಾಲಿನಂಥ ಬಿಳುಪು, ಮೊಳದುದ್ದದ ಕಿವಿ! "ದಿನಕ್ಕೆ ನಾಲ್ಕೈದು ಲೀಟರ್ ಕೊಡುತ್ತಂತಲ್ಲಾ, ಹೌದೇನ್ರೀ?" ಅಂತ ಕೇಳುವವರೂ ಇದ್ದಾರೆ. ಸಂಘದ ದುಡ್ಡು ಎಂದರೆ ನಮ್ಮೆಲ್ಲರ ದುಡ್ಡು. ಆದ್ದರಿಂದ ಆ ಮೇಕೆ ಎಲ್ಲಿಯದು, ಅದರ ಗುಣವೇನು, ಆ ಗುಣ ಅದಕ್ಕೆ ಎಲ್ಲಿಂದ ಬಂತು ಎಂಬುದನ್ನು ಓದಿ, ತಿಳಿದವರನ್ನು ಕೇಳಿ, ನಿಮ್ಮ ಮುಂದೆ ಇಡುತ್ತಿದ್ದೇವೆ.

ಹೆಸರು ಮತ್ತು ತವರು

ಜಮುನಾ ಎಂದರೆ ಯಮುನಾ ನದಿ. ಪಾರ್ ಎಂದರೆ ಆಚೆ ದಡ. ಯಮುನೆಯ ಆಚೆ ದಡದ ಮೇಕೆ ಎಂಬುದೇ ಜಮುನಾಪಾರಿ. ಉತ್ತರ ಪ್ರದೇಶದ ಇಟಾವಾ ಜಿಲ್ಲೆಯಲ್ಲಿ ಚಕರ್‌ನಗರ ಎಂಬ ಸೀಮೆ ಇದೆ. ಅದರ ಒಂದು ಕಡೆ ಯಮುನೆ, ಇನ್ನೊಂದು ಕಡೆ ಚಂಬಲ್. ಈ ಎರಡು ನದಿಗಳ ನಡುವಿನ ನೆಲವೇ ಜಮುನಾಪಾರಿಯ ಅಸಲು ತವರು. ಪಕ್ಕದ ಮಧ್ಯಪ್ರದೇಶದ ಭಿಂಡ್ ಜಿಲ್ಲೆಯ ಕಡೆಗೂ ಇದರ ವಾಸ ಹಬ್ಬಿದೆ. ಅಲ್ಲಿಂದ ಇನ್ನೂ ಮುಂದಕ್ಕೆ ಹೋದರೆ ಯಮುನಾ, ಚಂಬಲ್, ಕ್ವಾರಿ, ಸಿಂಧ್, ಪಹುಜ್ ಎಂಬ ಐದು ನದಿಗಳು ಕೂಡುವ ಜಾಗ ಸಿಗುತ್ತದೆ. ಅದನ್ನು ಪಚ್‌ನದಾ ಅನ್ನುತ್ತಾರೆ. ಇಲ್ಲಿಯ ಸಿಂಧ್ ಮಧ್ಯಪ್ರದೇಶದ ನದಿ, ಪಂಜಾಬಿನಾಚೆಯ ಸಿಂಧೂ ಅಲ್ಲ.

ಚಂಬಲ್ ಎಂದ ಕೂಡಲೇ ನಮಗೆ ಸಿನಿಮಾದ ಡಕಾಯಿತರು ನೆನಪಾಗುತ್ತಾರೆ. ಡಕಾಯಿತರಿಗೆ ಅಡಗಲು ಅನುಕೂಲವಾಗಿದ್ದ ಆ ಕೊರಕಲುಗಳೇ ಈ ಮೇಕೆಯನ್ನು ಬೆಳೆಸಿದ್ದು. ಸಾವಿರಾರು ವರ್ಷದ ಮಳೆನೀರು ಮೆತ್ತನೆಯ ಮೆಕ್ಕಲು ಮಣ್ಣನ್ನು ಕೊರೆದು ಅಲ್ಲಿ ಹಳ್ಳ, ದಿಣ್ಣೆ, ಕಂದರಗಳ ದೊಡ್ಡ ಜಾಲವನ್ನೇ ಮಾಡಿದೆ. ಅದರೊಳಗೆ ನೇಗಿಲು ಹೋಗುವುದಿಲ್ಲ. ಬೆಳೆಯುವುದು ಜಾಲಿ, ಎಲಚಿಯಂಥ ಮುಳ್ಳುಗಿಡ, ಪೊದೆ, ಬಳ್ಳಿ. ಬೇಸಿಗೆಯ ಬಿಸಿಲು ಅಲ್ಲಿ 45 ಡಿಗ್ರಿ ಮುಟ್ಟುತ್ತದೆ, ಚಳಿಗಾಲದಲ್ಲಿ ಮೈ ನಡುಗುವ ಚಳಿ. ಮಳೆ ಬರುವುದು ಜೂನ್ ಕೊನೆಯಿಂದ ಸೆಪ್ಟೆಂಬರ್‌ವರೆಗೆ ಮಾತ್ರ. ಉಳುವ ನೆಲ ಕಡಿಮೆ ಇದ್ದವನಿಗೆ ಕೊರಕಲಿನ ಸೊಪ್ಪೇ ಆಸ್ತಿ. ಆ ಸೊಪ್ಪನ್ನು ಹಾಲು ಮಾಡಿ ಕೊಡುವ ಯಂತ್ರ ಈ ಮೇಕೆ. ಬೆಣ್ಣೆಯಂಶಕ್ಕೆ ಹೆಸರಾದ ಭದಾವರಿ ಎಮ್ಮೆಯೂ ಇಟಾವಾ, ಆಗ್ರಾ ಕಡೆಯದೇ. ಹಾಲಿನ ಬೆಲೆ ತಿಳಿದ ಸೀಮೆ ಅದು.

ನೆಲ ಮಾಡಿದ ಪ್ರಾಣಿ

ನಮ್ಮಲ್ಲಿ ಆಡು ಮುಟ್ಟದ ಸೊಪ್ಪಿಲ್ಲ ಎಂಬ ಗಾದೆ ಇದೆ. ಈ ಗಾದೆಯ ಒಳಗಿನ ಮಾತನ್ನು ಸ್ವಲ್ಪ ಗಮನಿಸಬೇಕು. ಗಾದೆ ಹೇಳಿದ್ದು ಸೊಪ್ಪು ಅಂತ, ಹುಲ್ಲು ಅಂತ ಅಲ್ಲ. ಕುರಿ ತಲೆ ತಗ್ಗಿಸಿ ನೆಲದ ಹುಲ್ಲು ಮೇಯುತ್ತದೆ. ಮೇಕೆ ತಲೆ ಎತ್ತಿ ಗಿಡದ ಸೊಪ್ಪು ಕೀಳುತ್ತದೆ. ಎಲ್ಲ ಮೇಕೆಗೂ ಇರುವ ಈ ಸ್ವಭಾವ ಜಮುನಾಪಾರಿಯಲ್ಲಿ ಇನ್ನೂ ಹೆಚ್ಚು. ಅದರ ಉದ್ದ ಕಾಲು, ಉದ್ದ ಕತ್ತು ನೋಡಿ. ಹಿಂಗಾಲಿನ ಮೇಲೆ ನಿಂತು, ಮುಂಗಾಲನ್ನು ಗಿಡಕ್ಕೆ ಆನಿಸಿ, ಬೇರೆ ಮೇಕೆಗೆ ಎಟುಕದ ಚಿಗುರನ್ನು ಅದು ಕೀಳುತ್ತದೆ. ಹೊತ್ತೇರಿದ ಮೇಲೆ ಕೊರಕಲಿಗೆ ಇಳಿದು, ಗಂಟೆಗಟ್ಟಲೆ ಸುತ್ತಿ, ಹತ್ತಾರು ಬಗೆಯ ಸೊಪ್ಪನ್ನು ಬಾಯಾಡಿಸಿ, ಸಂಜೆಗೆ ಮನೆಗೆ ಬರುವುದು ಅದರ ದಿನಚರಿ.

ನೆಲ ಒಂದೇ ಸಾಲದು, ಜನವೂ ಬೇಕು. ಹೆಚ್ಚು ಹಾಲು ಕೊಟ್ಟ ತಾಯಿಯ ಮರಿಯನ್ನು ಉಳಿಸಿಕೊಂಡು, ಎತ್ತರದ, ಬಿಳಿಯ, ಗಿಣಿಮೂಗಿನ ಹೋತವನ್ನು ಹಿಂಡಿಗೆ ಬಿಟ್ಟು, ತಲೆಮಾರುಗಟ್ಟಲೆ ಆರಿಸುತ್ತ ಬಂದವರು ಅಲ್ಲಿಯ ಸಾಧಾರಣ ರೈತರು. ಓದುಬರಹ ಇಲ್ಲದವರೂ ಮನಸ್ಸಿನಲ್ಲೇ ಲೆಕ್ಕ ಇಟ್ಟು ಮಾಡಿದ ಕೆಲಸ ಇದು. ತಳಿ ಎಂದರೆ ಬೇರೆ ಏನೂ ಅಲ್ಲ, ನೆಲದ ಗುಣಕ್ಕೆ ಜನರ ಆಯ್ಕೆ ಸೇರಿದ್ದು.

ಅಸಲು ಜಮುನಾಪಾರಿಯ ಗುರುತು

ಬಣ್ಣ ಬಹುಮಟ್ಟಿಗೆ ಬಿಳಿ. ಕಿವಿ, ಕತ್ತುಗಳ ಮೇಲೆ ಕಂದು ಮಚ್ಚೆ ಇರಬಹುದು. ಮೂಗಿನ ದಿಂಡು ಬಿಲ್ಲಿನಂತೆ ಉಬ್ಬಿ ಗಿಣಿಯ ಕೊಕ್ಕಿನ ಹಾಗೆ ಕಾಣುತ್ತದೆ, ಮೇಲೆ ಕೂದಲಿನ ಕುಚ್ಚು ಇರುತ್ತದೆ. ಮೇಲಿನ ದವಡೆಗಿಂತ ಕೆಳದವಡೆ ತುಸು ಮುಂದೆ. ಕಿವಿ ಅಗಲವಾಗಿ, ಮಡಿಚಿದಂತೆ, ಸುಮಾರು ಒಂದು ಅಡಿಯ ತನಕ ಉದ್ದವಾಗಿ ಜೋಲುತ್ತದೆ. ಗಂಡಿಗೂ ಹೆಣ್ಣಿಗೂ ಕೊಂಬುಂಟು. ಹಿಂದೊಡೆಯ ಮೇಲೆ ಲಂಗೋಟಿ ಇಳಿಬಿಟ್ಟಂತೆ ಉದ್ದ ಕೂದಲು. ಕೆಚ್ಚಲು ದೊಡ್ಡದು, ಮೊಲೆತೊಟ್ಟು ಉದ್ದವಾಗಿ ಹಿಡಿಗೆ ಸಿಗುವಂತಿದ್ದು ಕರೆಯಲು ಸುಲಭ. ಚೆನ್ನಾಗಿ ಸಾಕಿದ ಹೋತದ ಎತ್ತರ ಮೂರು ಅಡಿ ಮುಟ್ಟುತ್ತದೆ.

ಈ ಗುರುತುಗಳನ್ನು ಇಷ್ಟು ಬಿಡಿಸಿ ಹೇಳಲು ಕಾರಣವಿದೆ. ಸಂತೆಯಲ್ಲಿ ಕಿವಿ ಉದ್ದ ಇದ್ದದ್ದೆಲ್ಲ ಜಮುನಾಪಾರಿ ಎಂದು ಮಾರಾಟವಾಗುತ್ತದೆ. ಪಂಜಾಬಿನ ಬೀಟಲ್ ತಳಿಗೂ ಉಬ್ಬುಮೂಗು, ಉದ್ದ ಕಿವಿ ಇವೆ. ಅದು ಒಳ್ಳೆಯ ಹಾಲಿನ ಮೇಕೆಯೇ, ಆದರೆ ಬಣ್ಣ ಹೆಚ್ಚಾಗಿ ಕಪ್ಪು ಇಲ್ಲವೆ ಕಂದು. ಎರಡು ಮೂರು ತಳಿ ಬೆರೆತ ಮೇಕೆಗಳೂ ಬೇಕಾದಷ್ಟಿವೆ. ಬೆರಕೆ ಕೆಟ್ಟದ್ದು ಎಂದು ನಾವು ಹೇಳುತ್ತಿಲ್ಲ. ಬೆರಕೆಗೆ ಅಸಲಿನ ಬೆಲೆ ಕೊಡಬೇಡಿ ಎಂದಷ್ಟೇ ಹೇಳುತ್ತಿದ್ದೇವೆ.

ಹಾಲಿನ ಲೆಕ್ಕ

ಇನ್ನು ನಾಲ್ಕೈದು ಲೀಟರ್ ಮಾತಿಗೆ ಬರೋಣ. ಜಮುನಾಪಾರಿ ನಮ್ಮ ದೇಶದ ಉತ್ತಮ ಹಾಲಿನ ಮೇಕೆಗಳಲ್ಲಿ ಒಂದು, ಇದರಲ್ಲಿ ಎರಡು ಮಾತಿಲ್ಲ. ಆದರೆ ಒಂದು ಸೂಲಿನಲ್ಲಿ ಅದು ಕೊಡುವ ಹಾಲು ಸರಾಸರಿ 200 ಕಿಲೋ ಆಸುಪಾಸು. ಇದನ್ನು ಆರು ತಿಂಗಳಿಗೆ ಹಂಚಿ ನೋಡಿ, ದಿನಕ್ಕೆ ಒಂದು ಕಿಲೋಗೆ ಸ್ವಲ್ಪ ಮೇಲೆ ಬರುತ್ತದೆ. ಈದ ಹೊಸದರಲ್ಲಿ, ಮೇವು ಚೆನ್ನಾಗಿದ್ದರೆ ಎರಡು ಲೀಟರ್ ಕೊಡುವ ಮೇಕೆಗಳಿವೆ, ಅದಕ್ಕೂ ಮೀರಿದ ಒಂದೆರಡು ಹಿಂಡಿನಲ್ಲಿ ಸಿಗಬಹುದು. ಆದರೆ ಹಿಂಡಿನ ಮೇಟಿಯನ್ನು ನೋಡಿ ಇಡೀ ಹಿಂಡಿನ ಲೆಕ್ಕ ಹಾಕಬಾರದು. ಇದರಲ್ಲಿ ಮರಿಯ ಪಾಲೂ ಇದೆ.

ಮೈ ದೊಡ್ಡದಾದ್ದರಿಂದ ಬೆಳವಣಿಗೆ ನಿಧಾನ. ಮೊದಲ ಸಲ ಈಯುವುದು ಸುಮಾರು ಎರಡು ವರ್ಷದ ವಯಸ್ಸಿಗೆ. ಮೇಕೆಯ ಗಬ್ಬ ಐದು ತಿಂಗಳು ಎಂಬುದು ನಿಮಗೆಲ್ಲ ಗೊತ್ತು. ಜಮುನಾಪಾರಿ ಸಾಮಾನ್ಯವಾಗಿ ವರ್ಷಕ್ಕೊಮ್ಮೆ ಈಯುತ್ತದೆ, ಹೆಚ್ಚಾಗಿ ಒಂದೇ ಮರಿ, ಅವಳಿಯೂ ಆಗುವುದುಂಟು. ನಮ್ಮ ನಾಟಿ ಮೇಕೆ ಮೈಯಲ್ಲಿ ಸಣ್ಣದು, ಹಾಲೂ ಕಡಿಮೆ. ಆದರೆ ಬೇಗ ಬೆದೆಗೆ ಬರುತ್ತದೆ, ಚೆನ್ನಾಗಿ ನೋಡಿಕೊಂಡರೆ ಎರಡು ವರ್ಷದಲ್ಲಿ ಮೂರು ಸಲ ಈಯುತ್ತದೆ. ಆದ್ದರಿಂದ ನಿಮಗೆ ಬೇಕಾದದ್ದು ಹಾಲೋ, ಮಾರಲು ಮರಿಯೋ ಎಂಬುದನ್ನು ಮೊದಲು ತೀರ್ಮಾನ ಮಾಡಿಕೊಳ್ಳಬೇಕು. ಹಾಲಾದರೆ ಕೊಳ್ಳುವ ಮನೆಗಳನ್ನು ಮೊದಲೇ ಹುಡುಕಿಕೊಳ್ಳಬೇಕು. ಯಾಕೆಂದರೆ ಊರಿನ ಡೇರಿಯ ಕ್ಯಾನಿಗೆ ಬೀಳುವುದು ಹಸು, ಎಮ್ಮೆಯ ಹಾಲು ಮಾತ್ರ.

ಮೇಕೆ ಹಾಲಿನ ಗುಣದ ಬಗ್ಗೆ ಎರಡು ಮಾತು. ಅದರ ಕೊಬ್ಬಿನ ಕಣಗಳು ಸಣ್ಣವು, ಹಾಗಾಗಿ ಬೇಗ ಜೀರ್ಣವಾಗುತ್ತದೆ. ಹಸು, ಎಮ್ಮೆಯ ಹಾಲನ್ನು ಬಿಟ್ಟಿದ್ದ ಗಾಂಧೀಜಿಯವರು ಕಾಯಿಲೆ ಬಿದ್ದಾಗ ಕಸ್ತೂರಬಾ ಅವರ ಮಾತಿನಂತೆ ಹಿಡಿದದ್ದು ಮೇಕೆ ಹಾಲನ್ನೇ. ಹಾಗೆಂದು ಎಳೆಗೂಸಿಗೆ ತಾಯಿಹಾಲಿನ ಬದಲು ಬರೀ ಮೇಕೆ ಹಾಲು ಕೊಡಬಾರದು, ಅದರಲ್ಲಿ ಫೋಲಿಕ್ ಆಮ್ಲ ಬಹಳ ಕಡಿಮೆ. ಯಾರೇ ಕುಡಿದರೂ ಕಾಯಿಸಿಯೇ ಕುಡಿಯಬೇಕು. ಹಾಲಿಗೆ ಗಬ್ಬು ವಾಸನೆ ಅನ್ನುವವರು ಹೋತವನ್ನು ಕರೆಯುವ ಜಾಗದಿಂದ ದೂರ ಕಟ್ಟಿ, ಕೆಚ್ಚಲು ತೊಳೆದು, ಶುದ್ಧವಾದ ಪಾತ್ರೆಯಲ್ಲಿ ಕರೆದು ನೋಡಲಿ. ಅರ್ಧ ದೂರು ಅಲ್ಲಿಗೇ ಮುಗಿಯುತ್ತದೆ.

ಸಮುದ್ರ ದಾಟಿದ ಮೇಕೆ

ಈ ಮೇಕೆಯ ಕೀರ್ತಿ ಹೊರದೇಶದಲ್ಲೂ ದೊಡ್ಡದು. ಬ್ರಿಟಿಷರ ಕಾಲದಲ್ಲಿ ಹಡಗಿನ ಪ್ರಯಾಣಿಕರಿಗೆ ಹೊಸ ಹಾಲು ಬೇಕೆಂದು ನಮ್ಮ ಬಂದರುಗಳಿಂದ ಮೇಕೆಗಳನ್ನು ಹತ್ತಿಸಿಕೊಂಡು ಹೋಗುತ್ತಿದ್ದರು. ಹೀಗೆ ಇಂಗ್ಲೆಂಡಿಗೆ ಹೋದ ಜಮುನಾಪಾರಿಯಂಥ ಭಾರತದ ಮೇಕೆ, ಈಜಿಪ್ಟ್ ಕಡೆಯ ಮೇಕೆ, ಅಲ್ಲಿಯದೇ ನಾಟಿ ಮೇಕೆ, ಈ ಮೂರೂ ಕೂಡಿ ಆಂಗ್ಲೋ-ನೂಬಿಯನ್ ಎಂಬ ತಳಿ ಹುಟ್ಟಿತು. 1909ರಲ್ಲಿ ಅದು ಅಮೆರಿಕಕ್ಕೂ ಹೋಯಿತು. ಸ್ವಿಟ್ಜರ್ಲೆಂಡಿನ ಸಾನೆನ್ ಮೇಕೆ ಅದಕ್ಕಿಂತ ಹೆಚ್ಚು ಹಾಲು ಕೊಡುತ್ತದೆ, ಆದರೆ ಆಂಗ್ಲೋ-ನೂಬಿಯನ್‌ನ ಹಾಲು ಗಟ್ಟಿ, ಕೊಬ್ಬಿನಂಶ ಜಾಸ್ತಿ. ಆ ತಳಿಯ ಜೋಲುಕಿವಿ, ಉಬ್ಬುಮೂಗು ಇವತ್ತಿಗೂ ನಮ್ಮ ಕಡೆಯ ನೆಂಟಸ್ತನವನ್ನು ಹೇಳುತ್ತವೆ.

ಇದಕ್ಕಿಂತ ನಮಗೆ ಪಾಠವಾಗುವಂಥದ್ದು ಇಂಡೋನೇಷ್ಯಾದ ಕತೆ. ಡಚ್ಚರು ಆಳುತ್ತಿದ್ದಾಗ ಜಮುನಾಪಾರಿಯನ್ನು ಅಲ್ಲಿಯ ಜಾವಾ ದ್ವೀಪಕ್ಕೆ ತರಿಸಿದರು. ಊರಿನ ಸಣ್ಣ ಕಾಚಂಗ್ ಮೇಕೆಯ ಜೊತೆ ಕೂಡಿಸಿ ಪೆರಾನಾಕನ್ ಎಟಾವಾ ಎಂಬ ತಳಿ ಮಾಡಿಕೊಂಡರು. ಇಟಾವಾ ಜಿಲ್ಲೆಯ ಹೆಸರು ಅಲ್ಲಿ ಮೇಕೆಯ ಹೆಸರಾಗಿ ಉಳಿದಿದೆ. ಮಧ್ಯ ಜಾವಾದ ಕಾಲಿಗೆಸಿಂಗ್ ಎಂಬ ಕಡೆ ಇವು ಬಹಳ ಹೆಸರುವಾಸಿ. ಅಲ್ಲಿ ಮಳೆ ಹೆಚ್ಚು, ನೆಲ ತೇವ, ಬಿಟ್ಟು ಮೇಯಿಸಲು ಜಾಗವೂ ಕಡಿಮೆ. ಅದಕ್ಕೆ ಅವರು ನೆಲದಿಂದ ಎತ್ತರಕ್ಕೆ ಮರದ ಪಟ್ಟಿಯ ಅಟ್ಟಣಿಗೆ ಕಟ್ಟಿದರು, ಹಿಕ್ಕೆ ಸಂದಿನಿಂದ ಕೆಳಗೆ ಬಿದ್ದು ಮೇಕೆ ಒಣಗಿದ ಜಾಗದಲ್ಲಿ ಇರುವಂತೆ ಮಾಡಿದರು. ನಮ್ಮಲ್ಲಿ ಗೊಬ್ಬರದ ಗಿಡ ಅನ್ನುತ್ತೇವಲ್ಲ, ಆ ಗ್ಲಿರಿಸಿಡಿಯಾದಂಥ ಗಿಡಗಳನ್ನು ಬೇಲಿಯಲ್ಲಿ ಬೆಳೆಸಿ, ದಿನಾ ಸೊಪ್ಪು ಕೊಯ್ದು ಹೊತ್ತು ತಂದು ಹಾಕಿದರು. ಕೊರಕಲು ಅವರಲ್ಲಿ ಇರಲಿಲ್ಲ, ಆದರೆ ಕೊರಕಲಿನಲ್ಲಿ ಮೇಕೆಗೆ ಸಿಗುತ್ತಿದ್ದ ಒಣ ಜಾಗ ಮತ್ತು ಸೊಪ್ಪು ಎರಡನ್ನೂ ಅವರು ತಮ್ಮ ಕೈಯಿಂದ ಒದಗಿಸಿದರು. ಆದ್ದರಿಂದ ಮೇಕೆ ಅಲ್ಲಿ ನೆಲೆಯೂರಿತು.

ತವರಿನಲ್ಲಿ ಸೊರಗಿದ್ದು

ಪರದೇಶದಲ್ಲಿ ಹೆಸರು ಬೆಳೆಯುತ್ತಿದ್ದಾಗ ತವರಿನಲ್ಲಿ ಏನಾಯಿತು? ಶುದ್ಧ ಜಮುನಾಪಾರಿ ಕಡಿಮೆಯಾಗುತ್ತ ಬಂತು. ಕಾರಣ ಕೇಳಿದರೆ ಬೇಸರವಾಗುತ್ತದೆ. ಹೆಸರು ಹಬ್ಬಿದಷ್ಟೂ ಕೊಳ್ಳುವವರು ಹೆಚ್ಚಿದರು. ಬಂದವರು ಕೇಳಿದ್ದು ಹಿಂಡಿನಲ್ಲಿ ಎಲ್ಲಕ್ಕಿಂತ ಒಳ್ಳೆಯದನ್ನೇ. ಬಡ ರೈತ ಕೈಗೆ ಬಂದ ದುಡ್ಡು ಬಿಡಲಾಗದೆ ಒಳ್ಳೆಯದನ್ನು ಕೊಟ್ಟ, ಉಳಿದದ್ದನ್ನು ತಾನು ಇಟ್ಟುಕೊಂಡ. ಬೇಗ ಬೆಳೆದ, ಎತ್ತರವಾದ ಹೋತಮರಿ ಹಿಂಡಿಗೆ ಬೀಳುವ ಮುಂಚೆಯೇ ಮಾಂಸಕ್ಕೆ ಹೋಯಿತು. ಇನ್ನೊಂದು ಕಡೆ ಕೊರಕಲನ್ನು ಸಮ ಮಾಡಿ ಹೊಲ ಮಾಡಿದ್ದರಿಂದ ಸೊಪ್ಪಿನ ಜಾಗ ಕುಗ್ಗಿತು. ಸಣ್ಣ ಮೇಕೆಗಳ ಜೊತೆ ಬೆರಕೆಯೂ ನಡೆಯಿತು.

ಇದನ್ನು ತಡೆಯಲು ಪ್ರಯತ್ನ ಆಗದೇ ಇಲ್ಲ. ಮಥುರಾ ಜಿಲ್ಲೆಯ ಮಖ್ದೂಮ್‌ನಲ್ಲಿ 1979ರಲ್ಲಿ ಶುರುವಾದ ಕೇಂದ್ರೀಯ ಮೇಕೆ ಸಂಶೋಧನಾ ಸಂಸ್ಥೆ ಜಮುನಾಪಾರಿಯ ಹಿಂಡನ್ನು ಸಾಕಿ, ಹಾಲು ತೂಕಗಳ ದಾಖಲೆ ಇಟ್ಟು, ಆರಿಸಿದ ಹೋತಗಳನ್ನು ರೈತರಿಗೆ ಒದಗಿಸುವ ಕೆಲಸ ಮಾಡುತ್ತ ಬಂದಿದೆ. ಆದರೂ ಮೂಲ ಮಾತು ಇದು: ಒಳ್ಳೆಯದನ್ನು ಮಾರಿ ಉಳಿದದ್ದರಲ್ಲಿ ತಳಿ ಮಾಡಿದರೆ ಎಂಥ ತಳಿಯೂ ಸವೆಯುತ್ತದೆ. ಇಟಾವಾದ ಮಾತು ಅಲ್ಲಿಗೇ ಇರಲಿ, ನಮ್ಮ ಊರಿನ ಸಂತೆಯಲ್ಲಿ ನಾವು ಮಾಡುತ್ತಿರುವುದೇನು? ದಷ್ಟಪುಷ್ಟವಾದ ಹೋತಮರಿಯನ್ನು ಜಾತ್ರೆಗೆ, ಹಬ್ಬಕ್ಕೆ ಮೊದಲು ಮಾರುತ್ತೇವೆ. ಕೊಳ್ಳುವವರಿಲ್ಲದೆ ಉಳಿದ ಬಡಕಲು ಹೋತ ಹಿಂಡಿಗೆ ಯಜಮಾನ ಆಗುತ್ತದೆ. ಆಮೇಲೆ "ನಾಟಿ ಮೇಕೆಯಲ್ಲಿ ಏನಿದೆ, ಬಿಡ್ರೀ" ಅನ್ನುತ್ತೇವೆ.

ನಾಟಿಯಲ್ಲಿ ಏನೂ ಇಲ್ಲ ಅನ್ನುವುದು ಸರಿಯಲ್ಲ. ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು ಕಡೆಯ ನಂದಿದುರ್ಗ, ಬೀದರ್ ಸೀಮೆಯ ಬಿದ್ರಿ, ಈ ಎರಡನ್ನೂ ಇತ್ತೀಚಿನ ವರ್ಷಗಳಲ್ಲಿ ದೇಶದ ಮೇಕೆ ತಳಿಗಳ ಪಟ್ಟಿಗೆ ಸೇರಿಸಿದ್ದಾರೆ. ಮಹಾರಾಷ್ಟ್ರದ ಗಡಿಗೆ ಹೊಂದಿದ ಜಿಲ್ಲೆಗಳಲ್ಲಿ ಉಸ್ಮಾನಾಬಾದಿ ಇದೆ, ಅವಳಿ ಮರಿಗೆ ಅದು ಹೆಸರು ಪಡೆದಿದೆ. ಇವೂ ತಮ್ಮ ನೆಲದ ಬಿಸಿಲು, ಮೇವು, ಬರಗಳಿಗೆ ಹದಗೊಂಡ ಪ್ರಾಣಿಗಳೇ.

ಹಾಗಾದರೆ ನಾವು ಮಾಡಬೇಕಾದದ್ದು

ಜಮುನಾಪಾರಿ ತರಬೇಡಿ ಎಂದು ಉಪಸಮಿತಿ ಹೇಳುತ್ತಿಲ್ಲ. ಮೇಕೆಗಿಂತ ಮುಂಚೆ ಸೊಪ್ಪು ತನ್ನಿ ಎನ್ನುತ್ತಿದೆ. ಸಾಲದ ಅರ್ಜಿ ನೋಡುವಾಗ ಈ ಕೆಳಗಿನ ವಿಷಯಗಳನ್ನು ಗಮನಿಸಬೇಕೆಂದು ಆಡಳಿತ ಮಂಡಳಿಯನ್ನು ಕೋರುತ್ತೇವೆ.

ಒಂದು, ಅರ್ಜಿದಾರರ ಬೇಲಿ, ಬದುಗಳಲ್ಲಿ ಗ್ಲಿರಿಸಿಡಿಯಾ, ಸುಬಾಬುಲ್, ಅಗಸೆ, ನುಗ್ಗೆ ಮೊದಲಾದ ಸೊಪ್ಪಿನ ಗಿಡ ಬೆಳೆದು ನಿಂತಿರಬೇಕು. ಸುಬಾಬುಲ್ ಒಂದನ್ನೇ ಹಾಕಬಾರದು, ಬೇರೆ ಸೊಪ್ಪಿನ ಜೊತೆ ಬೆರೆಸಿ ಹಾಕಬೇಕು. ಕಟ್ಟಿ ಹಾಕಿ ಬರೀ ಒಣಹುಲ್ಲು ಕೊಟ್ಟರೆ ಜಮುನಾಪಾರಿ ಸೊರಗುತ್ತದೆ.

ಎರಡು, ಕೊಟ್ಟಿಗೆ ಒಣಗಿರಬೇಕು, ಗಾಳಿ ಆಡಬೇಕು. ಕೆಸರಿನಲ್ಲಿ ನಿಂತ ಮೇಕೆಗೆ ಗೊರಸು ಕೊಳೆಯುತ್ತದೆ, ಮರಿಗಳಿಗೆ ಭೇದಿ, ನೆಗಡಿ ಹಿಡಿಯುತ್ತದೆ. ಹುಟ್ಟಿದ ಮರಿಗೆ ಒಂದೆರಡು ಗಂಟೆಯೊಳಗೆ ಗಿಣ್ಣುಹಾಲು ಕುಡಿಸಲೇಬೇಕು.

ಮೂರು, ದೂರದಿಂದ ಲಾರಿಯಲ್ಲಿ ಬಂದ ಮೇಕೆ ಬಳಲಿರುತ್ತದೆ, ರೋಗವನ್ನೂ ಹೊತ್ತು ತರಬಹುದು. ಮೂರು ವಾರ ಬೇರೆ ಕಡೆ ಕಟ್ಟಿ ನೋಡಿ ಆಮೇಲೆ ಹಿಂಡಿಗೆ ಸೇರಿಸಬೇಕು. ಪಿಪಿಆರ್ ಎಂಬ ಹಿರೇಬೇನೆ, ಕರುಳುಬೇನೆ, ಇವೆರಡಕ್ಕೂ ಲಸಿಕೆ ಇದೆ. ಪಶುವೈದ್ಯರನ್ನು ಕೇಳಿ ಹಾಕಿಸಬೇಕು. ಒಬ್ಬರ ಹಿಂಡಿಗೆ ಬಂದ ಬೇನೆ ಅವರ ಬೇಲಿಯೊಳಗೇ ನಿಲ್ಲುವುದಿಲ್ಲ.

ನಾಲ್ಕು, ಎಲ್ಲರೂ ದುಬಾರಿ ಹೆಣ್ಣುಮೇಕೆ ಕೊಳ್ಳುವ ಬದಲು ಸಂಘವೇ ಒಂದು ಒಳ್ಳೆಯ ಹೋತವನ್ನು ಸಾಕಲಿ. ಇಪ್ಪತ್ತೈದು ಮೂವತ್ತು ಹೆಣ್ಣುಮೇಕೆಗೆ ಒಂದು ಹೋತ ಸಾಕು. ಅದು ನಾಟಿಯ ಆರಿಸಿದ ಹೋತವೂ ಆಗಬಹುದು, ಹಾಲು ಬೇಕಾದವರಿಗೆ ಜಮುನಾಪಾರಿಯೂ ಆಗಬಹುದು. ಆದರೆ ದೊಡ್ಡ ತಳಿಯ ಹೋತವನ್ನು ಸಣ್ಣ ಮೈಯ, ಮೊದಲ ಸೂಲಿನ ಮೇಕೆಗೆ ಬಿಡಬಾರದು, ಈಯುವಾಗ ತಾಯಿಗೂ ಮರಿಗೂ ಅಪಾಯ. ತನ್ನ ಮಗಳ ಮೇಲೆಯೇ ಹೋತ ಹಾರಬಾರದು, ಅದಕ್ಕೆ ಎರಡು ವರ್ಷಕ್ಕೊಮ್ಮೆ ಪಕ್ಕದ ಊರಿನ ಸಂಘದ ಜೊತೆ ಹೋತವನ್ನು ಅದಲುಬದಲು ಮಾಡಿಕೊಳ್ಳಬೇಕು.

ಐದು, ಸಂಘದಲ್ಲಿ ಒಂದು ಪುಸ್ತಕ ಇಡೋಣ. ಯಾರ ಮೇಕೆ ಯಾವಾಗ ಈದಿತು, ಎಷ್ಟು ಮರಿ, ವಾರಕ್ಕೊಂದು ದಿನ ಅಳೆದಾಗ ಎಷ್ಟು ಹಾಲು, ಇಷ್ಟು ಬರೆದರೆ ಸಾಕು. ಎರಡು ಮೂರು ವರ್ಷದಲ್ಲಿ ಯಾವ ತಾಯಿಯ ಮರಿ ಉಳಿಸಬೇಕು, ಯಾವುದನ್ನು ಮಾರಬೇಕು ಎಂಬುದು ಆ ಪುಸ್ತಕದಿಂದಲೇ ತಿಳಿಯುತ್ತದೆ. ಒಳ್ಳೆಯ ತಾಯಿಯ ಹೋತಮರಿಯನ್ನು ಹಬ್ಬದ ಬೆಲೆಗೆ ಸಂಘವೇ ಕೊಂಡುಕೊಳ್ಳಲಿ, ಆಗ ಸದಸ್ಯರಿಗೂ ನಷ್ಟವಿಲ್ಲ, ಊರಿಗೂ ತಳಿ ಉಳಿಯುತ್ತದೆ. ಬಡ ರೈತ ಒಬ್ಬನೇ ಇದ್ದಾಗ ಒಳ್ಳೆಯದನ್ನು ಮಾರದೆ ಗತಿಯಿರಲಿಲ್ಲ, ಇಟಾವಾದಲ್ಲಿ ಆದದ್ದು ಅದೇ. ಹತ್ತು ಜನ ಕೂಡಿದರೆ ಒಳ್ಳೆಯದನ್ನು ಉಳಿಸಿಕೊಳ್ಳಬಹುದು. ಸಹಕಾರ ಎಂದರೆ ಇದೇ ಅಲ್ಲವೆ?

ಇಪ್ಪತ್ತೈದು ವರ್ಷ ನಮ್ಮ ಸಂಘ ಗೊಬ್ಬರ, ಬೀಜ, ಸಾಲ ಕೊಡುತ್ತ ಬಂದಿದೆ. ಮುಂದಿನ ಮಳೆಗಾಲದಲ್ಲಿ ಪ್ರತಿ ಸದಸ್ಯರ ಬದುವಿನಲ್ಲಿ ಇಪ್ಪತ್ತೈದು ಸೊಪ್ಪಿನ ಗಿಡ ನೆಡುವುದರಿಂದ ಈ ಕೆಲಸ ಶುರುವಾಗಲಿ ಎಂದು ಕೋರುತ್ತೇವೆ.